ಇಬ್ಬರು, ಎರಡು ಬೈಕು, ಭರವಸೆ ಇಲ್ಲದ ಹವೆ: ಪದೇ ಪದೇ ಕೇಳುವ ಪ್ರಶ್ನೆಗಳು

ದೂರದ ಪ್ರವಾಸಕ್ಕೆ ಹೊರಡುವವರು ಸಾಮಾನ್ಯವಾಗಿ ಕೇಳುವುದು ಬೈಕಿನ ಬಗ್ಗೆ. ಎಷ್ಟು ಸಿಸಿ ಇರಬೇಕು, ಯಾವ ಜಾಕೆಟ್ ತಗೊಳ್ಳಲಿ, ಟ್ಯಾಂಕ್ ಎಷ್ಟು ದೊಡ್ಡದಿರಬೇಕು. ಜೊತೆಗೆ ಬರುವವನ ಬಗ್ಗೆ ಕೇಳುವವರು ಕಡಿಮೆ. ಆದರೆ ಹವೆ ಕೆಟ್ಟಾಗ ಹೆಚ್ಚು ಪ್ರವಾಸಗಳು ಎಡವುವುದು ಅಲ್ಲೇ. ಒಬ್ಬ "ಇನ್ನೊಂದು ಸ್ವಲ್ಪ ಹೋಗೋಣ" ಅಂತಾನೆ, ಇನ್ನೊಬ್ಬ "ಇಲ್ಲೇ ನಿಲ್ಲೋಣ" ಅಂತಾನೆ, ಇಬ್ಬರೂ ಮುಖ ಊದಿಸಿಕೊಂಡು ಮಳೆಯಲ್ಲೇ ಹೋಗುತ್ತಾರೆ. ಹಾಗಾಗಿ ಇಲ್ಲಿ ಬೈಕಿನ ಜೊತೆ ಗೆಳೆತನದ ಪ್ರಶ್ನೆಗಳೂ ಇವೆ.

ಎಂಥ ಗೆಳೆಯನ ಜೊತೆ ಹೋಗಬೇಕು?

ಚೆನ್ನಾಗಿ ಓಡಿಸುವವನಿಗಿಂತ ಚೆನ್ನಾಗಿ ಕಾಯುವವನು ವಾಸಿ. ಮಳೆ ನಿಲ್ಲಲಿ ಅಂತ ಎರಡು ಗಂಟೆ ಒಂದು ಸೂರಿನ ಕೆಳಗೆ ಕೂರಬೇಕಾಗಿ ಬಂದಾಗ ಚಡಪಡಿಸದೆ ಕೂರುವವನು ಸಿಕ್ಕರೆ ಅರ್ಧ ಕೆಲಸ ಆಯಿತು. ಇಬ್ಬರ ವೇಗ ಸರಿಸುಮಾರು ಒಂದೇ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಪರವಾಗಿಲ್ಲ, ಆದರೆ ಜೋರಾಗಿ ಓಡಿಸುವವನಿಗೆ ನಿಧಾನ ಹೋಗಲು ಬರಬೇಕು. ನಿಧಾನದವನಿಗೆ ಜೋರಾಗಿ ಹೋಗು ಅನ್ನುವುದು ಒದ್ದೆ ರಸ್ತೆಯಲ್ಲಿ ಅಪಾಯದ ಮಾತು.

ಮೊದಲ ಸಲ ಜೊತೆಯಾಗುತ್ತಿದ್ದರೆ ಒಂದು ದಿನದ ಸವಾರಿ ಮಾಡಿ ನೋಡಿ. ಸಾಧ್ಯವಾದರೆ ಮೋಡ ಕವಿದ ದಿನವನ್ನೇ ಆರಿಸಿಕೊಳ್ಳಿ. ಬಿಸಿಲಿನ ಬೆಳಗ್ಗೆ ಎಲ್ಲರೂ ಒಳ್ಳೆಯ ಜೊತೆಗಾರರೇ.

ಹೊರಡುವ ಮುಂಚೆ ಏನೇನು ಮಾತಾಡಿಕೊಳ್ಳಬೇಕು?

ಒಂದು ಮಾತು ಉಳಿದೆಲ್ಲಕ್ಕಿಂತ ಮುಖ್ಯ: "ನಿಲ್ಲೋಣ" ಅಂತ ಯಾರು ಮೊದಲು ಅಂದರೂ ನಿಲ್ಲಬೇಕು. ಕಾರಣ ಕೇಳುವುದು ನಿಂತ ಮೇಲೆ. ಚರ್ಚೆ, ಬಹುಮತ ಏನೂ ಬೇಡ. ಇಬ್ಬರೇ ಇರುವಾಗ ಬಹುಮತ ಎಲ್ಲಿಂದ ಬರಬೇಕು? ಹೆಚ್ಚು ಹೆದರಿದವನ ಮಾತೇ ಕೊನೆ ಮಾತು ಅಂತ ಮನೆಯಲ್ಲಿ ಕೂತಾಗಲೇ ಒಪ್ಪಿಕೊಂಡರೆ, ದಾರಿಯಲ್ಲಿ ಯಾರೂ ಪುಕ್ಕಲ ಅನ್ನಿಸಿಕೊಳ್ಳಬೇಕಾಗಿಲ್ಲ.

ಇದಕ್ಕೆ ಕಾರಣವೂ ಇದೆ. ಒಂದೇ ಮಳೆ ಇಬ್ಬರಿಗೂ ಒಂದೇ ಥರ ಇರುವುದಿಲ್ಲ. ಒಬ್ಬನ ಟೈರ್ ಸವೆದಿರುತ್ತದೆ, ಒಬ್ಬನ ಗ್ಲೌಸಿಗೆ ನೀರು ಇಳಿದಿರುತ್ತದೆ, ಒಬ್ಬನಿಗೆ ಕನ್ನಡಕದ ಮೇಲೆ ಹನಿ ಕೂತು ಏನೂ ಕಾಣುತ್ತಿರುವುದಿಲ್ಲ. ಮುಂದಿನ ಬೈಕಿನವನಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ.

ಆಮೇಲೆ ದುಡ್ಡು. ಹವೆ ಕೆಟ್ಟರೆ ಒಂದೋ ಎರಡೋ ರಾತ್ರಿ ಹೆಚ್ಚಿಗೆ ತಂಗಬೇಕಾಗುತ್ತದೆ, ಆ ಖರ್ಚನ್ನು ಮೊದಲೇ ಎತ್ತಿಡಿ. ದುಡ್ಡು ಉಳಿಸಬೇಕು ಅಂತ ಬಿರುಗಾಳಿಯಲ್ಲಿ ಹೊರಟವರು ಬೇಕಾದಷ್ಟು ಜನ ಇದ್ದಾರೆ. ಹಾಗೆಯೇ ರಜೆಯಲ್ಲೂ ಒಂದು ದಿನ ಖಾಲಿ ಬಿಡಿ. "ನಾಳೆ ಬೆಳಗ್ಗೆ ಆಫೀಸಿಗೆ ಹೋಗಲೇಬೇಕು" ಅನ್ನುವ ಒತ್ತಡ ಮಳೆಗಿಂತ ಕೆಟ್ಟದ್ದು.

ದಿನಕ್ಕೆ ಎಷ್ಟು ಕಿಲೋಮೀಟರ್ ಇಟ್ಟುಕೊಳ್ಳಬೇಕು?

ಕಿಲೋಮೀಟರ್ ಲೆಕ್ಕ ಬಿಡಿ, ಗಂಟೆ ಲೆಕ್ಕ ಇಟ್ಟುಕೊಳ್ಳಿ. ಒಳ್ಳೆಯ ಹೆದ್ದಾರಿಯಲ್ಲಿ 400 ಕಿ.ಮೀ. ಸಲೀಸು. ಬೆಟ್ಟದ ದಾರಿಯಲ್ಲಿ ಮಳೆ ಬಂದರೆ 150 ಕೂಡ ಜಾಸ್ತಿ. ಸೀಟಿನ ಮೇಲೆ ಆರೇಳು ಗಂಟೆ ಸಾಕು. ಒಂದೂವರೆ, ಎರಡು ಗಂಟೆಗೊಮ್ಮೆ ಇಳಿದು ಕೈಕಾಲು ಆಡಿಸಿ. ಕತ್ತಲಾಗುವ ಮುಂಚೆ ತಲುಪುವ ಹಾಗೆ ಲೆಕ್ಕ ಹಾಕಿ, ಯಾಕೆಂದರೆ ಮಳೆ ಮತ್ತು ಕತ್ತಲೆ ಒಟ್ಟಿಗೆ ಬಂದರೆ ಎದುರು ಬರುವ ವಾಹನದ ಬೆಳಕು ವೈಸರಿನ (ಹೆಲ್ಮೆಟ್ಟಿನ ಮುಂದಿನ ಪಾರದರ್ಶಕ ಮುಚ್ಚಳದ) ಪ್ರತಿ ಹನಿಯಲ್ಲೂ ಒಡೆದು ಕಣ್ಣಿಗೆ ಹೊಡೆಯುತ್ತದೆ. ರಸ್ತೆಯ ಗುಂಡಿ, ಅಂಚು ಏನೂ ಕಾಣುವುದಿಲ್ಲ.

ಹವಾಮಾನ ಮುನ್ಸೂಚನೆಯನ್ನು ಎಷ್ಟು ನಂಬಬಹುದು?

ನಾಳೆಯದನ್ನು ಚೆನ್ನಾಗಿಯೇ ನಂಬಬಹುದು. ಮೂರ್ನಾಲ್ಕು ದಿನದ ನಂತರದ್ದನ್ನು ಅಂದಾಜಿಗೆ ಇಟ್ಟುಕೊಳ್ಳಿ. ಹತ್ತು ದಿನ ಮುಂದಿನದ್ದನ್ನು ನೋಡಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಹೊರಡುವ ಬೆಳಗ್ಗೆ ಮಳೆಯ ರೇಡಾರ್ ಚಿತ್ರ ನೋಡಿದರೆ ಮುಂದಿನ ಒಂದೆರಡು ಗಂಟೆಯಲ್ಲಿ ಮೋಡ ಯಾವ ಕಡೆ ಸರಿಯುತ್ತಿದೆ ಅಂತ ಕಾಣುತ್ತದೆ. ಊಟಕ್ಕೆ ನಿಂತಾಗ ಇನ್ನೊಮ್ಮೆ ನೋಡಿ.

ಹೊರಡುವ ಊರಿನದ್ದು, ತಲುಪುವ ಊರಿನದ್ದು ಎರಡನ್ನೇ ನೋಡಿ ಎದ್ದುಬಿಡುವವರು ಜಾಸ್ತಿ. ಮಧ್ಯದಲ್ಲಿ ಬೆಟ್ಟ ಹತ್ತಿ ಇಳಿಯುವುದಿದ್ದರೆ ಬೆಟ್ಟದ ತುದಿಯದ್ದನ್ನೂ ನೋಡಬೇಕು. ಪ್ರತಿ 1000 ಮೀಟರ್ ಮೇಲೆ ಹೋದಂತೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಕೆಳಗೆ 22 ಡಿಗ್ರಿ ಹಿತವಾಗಿದ್ದರೆ 2000 ಮೀಟರ್ ಮೇಲೆ 9 ಡಿಗ್ರಿ. ಜೊತೆಗೆ ಗಾಳಿ ಬೇರೆ.

ಬೆಟ್ಟಗಳಲ್ಲಿ ಇನ್ನೊಂದು ವಿಷಯ. ಬೆಳಗಿನ ಬಿಸಿಲಿಗೆ ನೆಲ ಕಾಯುತ್ತದೆ, ತೇವದ ಗಾಳಿ ಮೇಲೇರುತ್ತದೆ, ಮಧ್ಯಾಹ್ನದ ಮೇಲೆ ಗುಡುಗಿನ ಮೋಡ ಕಟ್ಟುತ್ತದೆ. ಹಾಗಾಗಿ ಎತ್ತರದ ದಾರಿಯನ್ನು ಬೆಳಗ್ಗೆಯೇ ದಾಟಿಬಿಡಿ. ನಸುಕಿಗೆ ಏಳಲಾಗದ ಗೆಳೆಯನಿಗೆ ಈ ಪ್ಯಾರಾ ಓದಿ ಹೇಳಿ.

ಯಾರು ಮುಂದೆ, ಯಾರು ಹಿಂದೆ? ಎಷ್ಟು ಅಂತರ ಬಿಡಬೇಕು?

ದಾರಿ ಗೊತ್ತಿರುವವನು ಮುಂದೆ ಅನ್ನುವುದು ರೂಢಿ. ಹವೆ ಕೆಟ್ಟಾಗ ನಿಧಾನ ಓಡಿಸುವವನನ್ನೇ ಮುಂದೆ ಬಿಡಿ. ಆಗ ವೇಗ ತಾನಾಗಿಯೇ ಅವನ ಹಿಡಿತಕ್ಕೆ ಬರುತ್ತದೆ. ಹಿಂದಿದ್ದರೆ ಅವನು ಅಂತರ ತುಂಬಿಸಲು ಹೋಗಿ ತನ್ನ ಕೈ ಮೀರಿದ ವೇಗದಲ್ಲಿ ತಿರುವಿಗೆ ಬರುತ್ತಾನೆ.

ಇಬ್ಬರೂ ಅಕ್ಕಪಕ್ಕ ಓಡಿಸುವುದು ಬೇಡವೇ ಬೇಡ. ಒಬ್ಬ ಲೇನಿನ ಒಂದು ಬದಿಗೆ, ಇನ್ನೊಬ್ಬ ಹಿಂದೆ ಇನ್ನೊಂದು ಬದಿಗೆ ಇದ್ದರೆ ಇಬ್ಬರಿಗೂ ಮುಂದಿನ ರಸ್ತೆ ಕಾಣುತ್ತದೆ, ಗುಂಡಿ ತಪ್ಪಿಸಲೂ ಜಾಗ ಇರುತ್ತದೆ. ತಿರುವುಗಳಲ್ಲಿ ಮಾತ್ರ ಒಬ್ಬರ ಹಿಂದೆ ಒಬ್ಬರು.

ಅಂತರವನ್ನು ಸೆಕೆಂಡಿನಲ್ಲಿ ಎಣಿಸಿ. ಮುಂದಿನ ಬೈಕು ಒಂದು ಕಂಬ ದಾಟಿದಾಗ ಎಣಿಸಲು ಶುರು ಮಾಡಿ, ಒಣ ರಸ್ತೆಯಲ್ಲಿ ನೀವು ಆ ಕಂಬ ತಲುಪಲು ಕನಿಷ್ಠ ಎರಡು ಸೆಕೆಂಡ್ ಆಗಬೇಕು, ಒದ್ದೆಯಲ್ಲಿ ಅದರ ಎರಡರಷ್ಟು. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ನಾಲ್ಕು ಸೆಕೆಂಡಿಗೆ ಸುಮಾರು 90 ಮೀಟರ್. ಅಷ್ಟೊಂದಾ ಅಂತ ಅನ್ನಿಸುತ್ತದೆ ಅಲ್ವಾ? ಬ್ರೇಕ್ ಹಿಡಿದ ಮೇಲೆ ಗೊತ್ತಾಗುತ್ತದೆ.

ಬೇರೆ ಬೇರೆ ಆಗಿಬಿಟ್ಟರೆ ಏನು ಮಾಡುವುದು ಅನ್ನುವುದಕ್ಕೆ ಒಂದೇ ನಿಯಮ ಇರಲಿ. ಮುಂದಿದ್ದವನು ದಾರಿ ಕವಲೊಡೆಯುವ ಕಡೆ ನಿಂತು ಕಾಯಬೇಕು. ನೇರ ದಾರಿಯಲ್ಲಿ ಕಾಯಬೇಕಿಲ್ಲ.

ಮಳೆ ಶುರುವಾದ ಕೂಡಲೇ ನಿಲ್ಲಬೇಕಾ?

ಮೊದಲ ಹದಿನೈದು ಇಪ್ಪತ್ತು ನಿಮಿಷ ನಿಂತರೆ ಒಳ್ಳೆಯದು, ಅದರಲ್ಲೂ ಬಹಳ ದಿನದ ಮೇಲೆ ಮಳೆ ಬರುತ್ತಿದ್ದರೆ. ರಸ್ತೆಯ ಮೇಲೆ ಕೂತ ಎಣ್ಣೆ, ಧೂಳು, ಟೈರಿನ ರಬ್ಬರ್ ಪುಡಿ ಮೊದಲ ಹನಿಗಳ ಜೊತೆ ಸೇರಿ ಜಾರುವ ಲೋಳೆಯಾಗುತ್ತದೆ. ಜೋರಾಗಿ ಮಳೆ ಹೊಡೆದ ಮೇಲೆ ಅದು ತೊಳೆದುಹೋಗಿ ಹಿಡಿತ ಸ್ವಲ್ಪ ವಾಪಸ್ ಬರುತ್ತದೆ. ಹಾಗಾಗಿ ತುಂತುರು ತಾನೇ ಅಂತ ಸದರ ಮಾಡಬೇಡಿ. ರೈನ್‌ಕೋಟ್ ಹಾಕಿಕೊಳ್ಳಲೂ ಅದೇ ಸರಿಯಾದ ಹೊತ್ತು. ಒದ್ದೆಯಾದ ಮೇಲೆ ಹಾಕಿಕೊಂಡರೆ ಒದ್ದೆಯನ್ನು ಒಳಗೆ ಇಟ್ಟು ಬೀಗ ಹಾಕಿದ ಹಾಗೆ.

ನಿಲ್ಲುವುದಾದರೆ ರಸ್ತೆ ಬಿಟ್ಟು ಪೂರ್ತಿ ಹೊರಗೆ ನಿಲ್ಲಿ. ಮಳೆಯಲ್ಲಿ ಹಿಂದಿನ ಲಾರಿಯವನಿಗೂ ಅಂಚು ಸರಿಯಾಗಿ ಕಾಣುವುದಿಲ್ಲ. ಮೇಲ್ಸೇತುವೆಯ ಕೆಳಗೆ ರಸ್ತೆಯ ಪಕ್ಕದಲ್ಲೇ ಗುಂಪಾಗಿ ನಿಲ್ಲುವುದು ಕೂಡ ಅಪಾಯವೇ.

ಒದ್ದೆ ರಸ್ತೆಯಲ್ಲಿ ಮುಂದಿನ ಬ್ರೇಕ್ ಹಿಡಿಯಬಾರದು ಅಂತಾರೆ, ನಿಜವಾ?

ಇಲ್ಲ. ಮುಂದಿನ ಬ್ರೇಕೇ ಹೆಚ್ಚು ಕೆಲಸ ಮಾಡುವುದು, ಮಳೆಯಲ್ಲೂ ಅಷ್ಟೇ. ಹಿಡಿಯುವ ರೀತಿ ಬದಲಾಗಬೇಕು. ಗಬಕ್ಕನೆ ಹಿಡಿಯದೆ ಮೆಲ್ಲಗೆ ಶುರು ಮಾಡಿ, ಬೈಕಿನ ಭಾರ ಮುಂದಕ್ಕೆ ಬಂದು ಟೈರ್ ಒತ್ತಿಕೊಂಡ ಮೇಲೆ ಬಿಗಿ ಮಾಡಿ. ಎರಡೂ ಬ್ರೇಕ್ ಒಟ್ಟಿಗೆ ಬಳಸಿ. ತಿರುವಿನ ಒಳಗೆ ಹಿಡಿಯುವುದಕ್ಕಿಂತ ತಿರುವಿಗೆ ಮುಂಚೆ ನೆಟ್ಟಗಿರುವಾಗಲೇ ವೇಗ ಇಳಿಸಿ.

ಎಬಿಎಸ್ ಇದ್ದರೆ ಚಕ್ರ ಕಚ್ಚಿಕೊಂಡು ಜಾರುವುದು ತಪ್ಪುತ್ತದೆ, ದೊಡ್ಡ ಉಪಕಾರವೇ. ಆದರೆ ರಸ್ತೆಯಲ್ಲಿ ಇಲ್ಲದ ಹಿಡಿತವನ್ನು ಅದು ತಂದುಕೊಡುವುದಿಲ್ಲ. ಬೈಕು ವಾಲಿದ್ದಾಗ ಸಾಧಾರಣ ಎಬಿಎಸ್ ಎಲ್ಲಾ ಸಲ ಕಾಪಾಡುವುದೂ ಇಲ್ಲ. ವೇಗದ ಲೆಕ್ಕವಂತೂ ಬದಲಾಗುವುದೇ ಇಲ್ಲ: 60ರ ಬದಲು 80ರಲ್ಲಿ ಹೋಗುತ್ತಿದ್ದರೆ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ಸುಮಾರು 1.8 ಪಟ್ಟು.

ಒದ್ದೆಯಲ್ಲಿ ಜಾರುವ ಜಾಗಗಳನ್ನು ಕಣ್ಣಿಗೆ ರೂಢಿ ಮಾಡಿಸಿ. ರಸ್ತೆಗೆ ಬಳಿದ ಬಿಳಿ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ, ಸೇತುವೆಯ ಕಬ್ಬಿಣದ ಜೋಡಣೆ, ಬಿದ್ದ ಎಲೆ, ಪೆಟ್ರೋಲ್ ಬಂಕಿನ ನೆಲ. ರೈಲು ಹಳಿಯನ್ನು ಆದಷ್ಟು ನೇರವಾಗಿ, ಬೈಕು ವಾಲಿಸದೆ, ಬ್ರೇಕ್ ಮುಟ್ಟದೆ ದಾಟಿ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡರೆ ಅದು ಎಣ್ಣೆ.

ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ದಾಟಬಹುದಾ?

ನಿಂತ ನೀರು ಬೇರೆ, ಹರಿಯುವ ನೀರು ಬೇರೆ. ರಭಸದಿಂದ ಹರಿಯುವ ನೀರು 15 ಸೆಂಟಿಮೀಟರ್ ಆಳ ಇದ್ದರೂ ದೊಡ್ಡವರನ್ನು ಕೆಡವಬಲ್ಲದು. ಬೈಕಿನ ಮೇಲೆ ಕಾಲು ಊರಿ ನಿಲ್ಲಲು ಹೋದರೆ ಕಾಲೇ ಮೊದಲು ಹೋಗುತ್ತದೆ. ನೀರಿನ ಕೆಳಗೆ ರಸ್ತೆ ಇನ್ನೂ ಇದೆಯೋ ಕೊಚ್ಚಿಹೋಗಿದೆಯೋ ಅದೂ ಗೊತ್ತಿಲ್ಲ. ವಾಪಸ್ ತಿರುಗಿ.

ನಿಂತ ನೀರಾದರೆ ಬೇರೆ ವಾಹನ ಹೋಗುವುದನ್ನು ನೋಡಿ ಆಳ ಅಂದಾಜು ಮಾಡಿ. ಮೊದಲು ಒಬ್ಬ ದಾಟಲಿ, ಇನ್ನೊಬ್ಬ ಈಚೆ ದಡದಲ್ಲೇ ಇರಲಿ. ಒಂದನೇ ಗೇರ್, ಆಕ್ಸಿಲರೇಟರ್ ಒಂದೇ ಸಮ, ಮಧ್ಯೆ ನಿಲ್ಲಬೇಡಿ. ನೀರಲ್ಲಿ ಇಂಜಿನ್ ಆಫ್ ಆದರೆ ಅಲ್ಲೇ ಸ್ಟಾರ್ಟ್ ಮಾಡಲು ಹೋಗಬೇಡಿ. ಏರ್ ಫಿಲ್ಟರ್ ಮೂಲಕ ಸಿಲಿಂಡರಿಗೆ ನೀರು ಹೋಗಿದ್ದರೆ, ನೀರನ್ನು ಗಾಳಿಯ ಹಾಗೆ ಒತ್ತಿ ಕುಗ್ಗಿಸಲಾಗದು, ಕನೆಕ್ಟಿಂಗ್ ರಾಡ್ ಬಗ್ಗಿಬಿಡುತ್ತದೆ. ತಳ್ಳಿಕೊಂಡು ಈಚೆ ಬಂದು ಏರ್ ಫಿಲ್ಟರ್ ನೋಡಿ. ಅದು ಒದ್ದೆಯಾಗಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ಹೊರಗೆ ಹಾಕುವ ತನಕ ಸ್ಟಾರ್ಟರ್ ಮುಟ್ಟಬೇಡಿ. ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಹಗುರಾಗಿ ಹಿಡಿದು ಹೋದರೆ ಪ್ಯಾಡ್ ಒಣಗುತ್ತದೆ.

ಸಿಡಿಲು ಬರುತ್ತಿದ್ದರೆ ಟೈರಿನ ರಬ್ಬರ್ ಕಾಪಾಡುತ್ತದಾ?

ಕಾಪಾಡುವುದಿಲ್ಲ. ಮೋಡದಿಂದ ಕಿಲೋಮೀಟರ್‌ಗಟ್ಟಲೆ ಗಾಳಿ ಸೀಳಿಕೊಂಡು ಬಂದ ಸಿಡಿಲಿಗೆ ನಾಲ್ಕು ಬೆರಳು ರಬ್ಬರ್ ಯಾವ ಲೆಕ್ಕ? ಕಾರಿನವರು ಬಚಾವಾಗುವುದು ಸುತ್ತಲಿನ ಲೋಹದ ಕವಚದಿಂದ. ಬೈಕಿಗೆ ಅದಿಲ್ಲ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ನೀವು ಅದರ ಕೈಗೆ ಸಿಗುವಷ್ಟು ಹತ್ತಿರ ಇದ್ದೀರಿ ಅಂತ ಅರ್ಥ. ಗೋಡೆ ಇರುವ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗು ಕೇಳಿ 30 ನಿಮಿಷ ಆದ ಮೇಲೆ ಹೊರಡಿ. ಒಂಟಿ ಮರ, ಗುಡ್ಡದ ನೆತ್ತಿ, ತೆರೆದ ಷೆಡ್ ಯಾವುದೂ ಆಗುವುದಿಲ್ಲ.

ಅಡ್ಡಗಾಳಿ ಬೈಕನ್ನು ತಳ್ಳುತ್ತದೆ. ಹೇಗೆ ಹಿಡಿದುಕೊಳ್ಳಬೇಕು?

ಸಡಿಲವಾಗಿ. ಹ್ಯಾಂಡಲ್ ಬಿಗಿ ಹಿಡಿದಷ್ಟೂ ಗಾಳಿಯ ಹೊಡೆತ ನಿಮ್ಮ ತೋಳಿನಿಂದ ಹ್ಯಾಂಡಲ್‌ಗೆ ಇಳಿಯುತ್ತದೆ. ಮಂಡಿಯಿಂದ ಟ್ಯಾಂಕ್ ಒತ್ತಿ ಹಿಡಿಯಿರಿ, ಮೈ ಸ್ವಲ್ಪ ಬಗ್ಗಿಸಿ, ವೇಗ ಇಳಿಸಿ. ಒಂದೇ ಸಮ ಬೀಸುವ ಗಾಳಿಗೆ ಬೈಕು ತಾನೇ ಸ್ವಲ್ಪ ವಾಲಿಕೊಂಡು ಹೋಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ತೊಂದರೆ ಕೊಡುವುದು ಬಿಟ್ಟು ಬಿಟ್ಟು ಬೀಸುವ ಗಾಳಿ. ದೊಡ್ಡ ಲಾರಿಯ ಮರೆಯಿಂದ ಹೊರಗೆ ಬಂದಾಗ, ಬೆಟ್ಟದ ಕಟಾವು ಮುಗಿದಾಗ, ಸೇತುವೆಗೆ ಹತ್ತಿದಾಗ ತಟ್ಟನೆ ಹೊಡೆಯುತ್ತದೆ. ಅಂಥ ಕಡೆ ಲೇನಿನಲ್ಲಿ ಗಾಳಿ ಬರುವ ಬದಿಗೆ ಇರಿ, ತಳ್ಳಿದರೂ ಜಾಗ ಉಳಿದಿರುತ್ತದೆ. ಗೆಳೆಯನಿಗೂ ನಿಮಗೂ ನಡುವಿನ ಅಂತರ ಹೆಚ್ಚಿಸಿ.

ಮಂಜು?

ಹೈಬೀಮ್ ಹಾಕಬೇಡಿ, ಬೆಳಕು ಮಂಜಿಗೆ ತಗುಲಿ ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಕಾಣುವ ದೂರದೊಳಗೆ ನಿಲ್ಲಿಸಲಾಗುವ ವೇಗ ಮಾತ್ರ. ಅದು 20 ಆದರೆ 20. ಮುಂದಿನ ವಾಹನದ ಕೆಂಪು ದೀಪಕ್ಕೆ ಅಂಟಿಕೊಂಡು ಹೋಗುವುದು ಸುಲಭ ಅನ್ನಿಸುತ್ತದೆ, ಆದರೆ ಅವನು ಗುದ್ದಿದರೆ ನೀವೂ ಗುದ್ದುತ್ತೀರಿ.

ಚಳಿಯನ್ನು ತಡೆದುಕೊಳ್ಳಬಹುದು ಅಲ್ವಾ? ಅದರಲ್ಲಿ ಏನು ಅಪಾಯ?

ಮಳೆಗಿಂತ ಚಳಿಗೆ ನಾನು ಹೆಚ್ಚು ಹೆದರುತ್ತೇನೆ. ಮಳೆ ಕಣ್ಣಿಗೆ ಕಾಣುತ್ತದೆ, ಚಳಿ ಸದ್ದಿಲ್ಲದೆ ತಲೆಗೆ ಏರುತ್ತದೆ.

ಗಾಳಿ ಮೈಯ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. 10 ಡಿಗ್ರಿ ಇರುವಾಗ 80ರಲ್ಲಿ ಓಡಿಸಿದರೆ ತೆರೆದ ಚರ್ಮಕ್ಕೆ ಅದು ಸುಮಾರು 4 ಡಿಗ್ರಿಯ ಹಾಗೆ ತಾಗುತ್ತದೆ. 5 ಡಿಗ್ರಿ ಇದ್ದರೆ ಸೊನ್ನೆಗಿಂತ ಕೆಳಗೆ. ಇದು ಒಣಗಿದ ಮೈಗೆ. ಬಟ್ಟೆ ಒದ್ದೆಯಾಗಿದ್ದರೆ ಇನ್ನೂ ಬೇಗ ಬಿಸಿ ಹೋಗುತ್ತದೆ. ಜೀನ್ಸ್, ಹತ್ತಿ ಬನಿಯನ್ ನೀರು ಹೀರಿಕೊಂಡು ಗಂಟೆಗಟ್ಟಲೆ ಬಿಡುವುದಿಲ್ಲ. ಮೈಗೆ ತಾಗುವ ಪದರ ಉಣ್ಣೆಯದೋ ಸಿಂಥೆಟಿಕ್‌ದೋ ಇರಲಿ, ಅದರ ಮೇಲೆ ಬೆಚ್ಚಗಿನದು, ಎಲ್ಲಕ್ಕಿಂತ ಹೊರಗೆ ಗಾಳಿ ತೂರದ್ದು. ಬೇರೇನೂ ಇಲ್ಲದಿದ್ದರೆ ಜಾಕೆಟ್ಟಿನ ಒಳಗೆ ಎದೆಗೆ ಮಡಚಿದ ಪೇಪರ್ ಇಟ್ಟುಕೊಂಡರೂ ಗಾಳಿ ನಿಲ್ಲುತ್ತದೆ. ಕುತ್ತಿಗೆ ಮುಚ್ಚಿ.

ಮೈಯೊಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗೆ ಇಳಿದರೆ ಅದನ್ನು ಹೈಪೋಥರ್ಮಿಯಾ ಅನ್ನುತ್ತಾರೆ. ಆದರೆ ಅದಕ್ಕೆ ಎಷ್ಟೋ ಮುಂಚೆಯೇ ಕೈ ಕೆಲಸ ಬಿಡುತ್ತದೆ, ತಲೆ ಮಂದವಾಗುತ್ತದೆ. ಒಮ್ಮೆ ಬೆಟ್ಟ ಇಳಿದು ನಿಂತಾಗ ನನ್ನ ಜೊತೆಗಾರ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ನೋಡುತ್ತಲೇ ಇದ್ದ. ಬೆರಳು ಬಕಲ್ ಮೇಲೆ ಹೋಗುತ್ತಿತ್ತು, ಒತ್ತಲು ಆಗುತ್ತಿರಲಿಲ್ಲ. ಏನಾಯ್ತು ಅಂದರೆ "ಏನಿಲ್ಲ, ಏನಿಲ್ಲ" ಅನ್ನುತ್ತಿದ್ದ, ಅದೂ ನಾಲಿಗೆ ತೊದಲುತ್ತಾ. ಅದೇ ಬೆರಳಿನಲ್ಲಿ ಅವನು ಅಷ್ಟು ಹೊತ್ತು ಬ್ರೇಕ್ ಹಿಡಿಯುತ್ತಿದ್ದ.

ಹಾಗಾಗಿ ಒಬ್ಬರನ್ನೊಬ್ಬರು ಪರೀಕ್ಷೆ ಮಾಡಿ. ನಿಂತಾಗಲೆಲ್ಲ ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಲು ಹೇಳಿ. ಆಗದಿದ್ದರೆ ಅವತ್ತಿನ ಸವಾರಿ ಮುಗಿಯಿತು. ನಡುಗುವುದು ಒಳ್ಳೆಯ ಲಕ್ಷಣ, ಮೈ ತಾನೇ ಬಿಸಿ ಮಾಡಿಕೊಳ್ಳುತ್ತಿದೆ ಅಂತ. ಬೆಚ್ಚಗಾಗದೆ ನಡುಕ ನಿಂತುಹೋದರೆ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ. ಒದ್ದೆ ಬಟ್ಟೆ ತೆಗೆಸಿ, ಒಣ ಬಟ್ಟೆ ಹೊದಿಸಿ, ಎಚ್ಚರ ಇದ್ದು ನುಂಗಲು ಆದರೆ ಬಿಸಿಯಾಗಿ ಏನಾದರೂ ಕುಡಿಸಿ. ಮದ್ಯ ಬೇಡ. ಅದು ಚರ್ಮದ ರಕ್ತನಾಳ ಹಿಗ್ಗಿಸಿ ಬೆಚ್ಚಗಾದ ಹಾಗೆ ಮಾಡುತ್ತದೆ, ಒಳಗಿನ ಬಿಸಿ ಮಾತ್ರ ಹೊರಗೆ ಹೋಗುತ್ತದೆ.

ಉಷ್ಣಾಂಶ 3–4 ಡಿಗ್ರಿಗೆ ಇಳಿದಾಗ ರಸ್ತೆಯ ನೆರಳಿನ ಜಾಗಗಳಲ್ಲಿ ಕಣ್ಣಿಗೆ ಕಾಣದ ಐಸ್ ಇರಬಹುದು. ಸೇತುವೆಗಳು ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತವೆ, ಯಾಕೆಂದರೆ ಅವುಗಳಿಗೆ ಕೆಳಗಿನಿಂದಲೂ ತಣ್ಣನೆ ಗಾಳಿ ತಾಗುತ್ತದೆ. ಎರಡು ಚಕ್ರಕ್ಕೆ ಐಸ್ ಮೇಲೆ ಯಾವ ಜಾಣತನವೂ ನಡೆಯುವುದಿಲ್ಲ. ಬಿಸಿಲು ಏರುವವರೆಗೆ ಕಾಯಿರಿ.

ಸೆಖೆಯಲ್ಲಿ ಜಾಕೆಟ್ ತೆಗೆದು ಓಡಿಸಿದರೆ ತಂಪು ಅಲ್ವಾ?

30 ಡಿಗ್ರಿಯಲ್ಲಿ ಗಾಳಿ ತಂಪು ಮಾಡುತ್ತದೆ, 40ರಲ್ಲಿ ಮಾಡುವುದಿಲ್ಲ. ಚರ್ಮ ಸುಮಾರು 33ರಿಂದ 35 ಡಿಗ್ರಿ ಇರುತ್ತದೆ. ಗಾಳಿ ಅದಕ್ಕಿಂತ ಬಿಸಿ ಇದ್ದರೆ ಅದು ಮೈಗೆ ಬಿಸಿ ತುಂಬುತ್ತದೆ. ಆಗ ಉಳಿಯುವುದು ಬೆವರು ಆರುವ ತಂಪು ಮಾತ್ರ. ತೆರೆದ ಮೈಯಲ್ಲಿ ಬೆವರು ಕೂಡಲೇ ಆರಿಹೋಗಿ ನೀರು ಸುಮ್ನೆ ಖರ್ಚಾಗುತ್ತದೆ. ಒಳಗಿನ ಅಂಗಿ ಒದ್ದೆ ಮಾಡಿಕೊಂಡು ಮೇಲೆ ಜಾಕೆಟ್ ಹಾಕಿದರೆ ತಂಪು ತುಂಬಾ ಹೊತ್ತು ಉಳಿಯುತ್ತದೆ. ಇದು ಒಣ ಹವೆಯಲ್ಲಿ. ತೇವ ಜಾಸ್ತಿ ಇರುವ ಕಡೆ ಬೆವರು ಆರುವುದೇ ಇಲ್ಲ, ಅಲ್ಲಿ ಮಧ್ಯಾಹ್ನ ನೆರಳಲ್ಲಿ ಕಳೆಯುವುದೇ ದಾರಿ. ಬಿದ್ದಾಗ ಚರ್ಮ ಉಳಿಸುವುದು ಹೇಗೂ ಜಾಕೆಟ್ಟೇ.

ಬಾಯಾರುವ ಮುಂಚೆಯೇ ಸ್ವಲ್ಪ ಸ್ವಲ್ಪ ನೀರು ಕುಡಿಯುತ್ತಿರಿ. ಜೊತೆಗಾರ ಸುಮ್ಮನಾಗಿಬಿಟ್ಟರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ ಅದು ಬರೀ ಸುಸ್ತಲ್ಲ, ಬಿಸಿಲಿನ ಹೊಡೆತ ಇರಬಹುದು. ತಕ್ಷಣ ನೆರಳಿಗೆ ತಂದು, ನೀರು ಸುರಿದು, ಗಾಳಿ ಬೀಸಿ, ಸಹಾಯಕ್ಕೆ ಕರೆ ಮಾಡಿ.

ರೈನ್‌ಕೋಟ್ ಹೊರಗೆ ಹಾಕುವುದೋ, ಜಾಕೆಟ್ಟಿನ ಒಳಗಿನ ಲೈನರ್ ಸಾಕೋ?

ಹೊರಗೆ ಹಾಕುವುದೇ. ಲೈನರ್, ಅಂದರೆ ನೀರು ತೂರದ ಪದರ, ಒಳಗಿದ್ದರೆ ನೀವು ಒದ್ದೆಯಾಗುವುದಿಲ್ಲ, ಆದರೆ ಜಾಕೆಟ್ ನೆನೆದು ಭಾರವಾಗುತ್ತದೆ, ತಣ್ಣಗಾಗುತ್ತದೆ, ಮಾರನೇ ದಿನಕ್ಕೂ ಒಣಗಿರುವುದಿಲ್ಲ. ಮೇಲಿಂದ ಪ್ಯಾಂಟ್, ಅಂಗಿ ಎರಡು ತುಂಡು ಇರುವುದು ಅನುಕೂಲ. ಗಾಢ ಬಣ್ಣ ಬೇಡ, ಮಳೆಯಲ್ಲಿ ದೂರದಿಂದ ಕಾಣಬೇಕು. ಬೂಟಿನ ಮೇಲೆ ಪ್ಯಾಂಟ್ ಬರಲಿ, ಒಳಗೆ ತುರುಕಿದರೆ ನೀರೆಲ್ಲ ಬೂಟಿಗೇ.

ಬ್ಯಾಗಿನ ಮೇಲಿನ ಮಳೆ ಕವರ್ ಗಾಳಿಗೆ ಹಾರಿಹೋಗುತ್ತದೆ. ಬ್ಯಾಗಿನ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರೊಳಗೆ ಬಟ್ಟೆ ತುಂಬುವುದು ವಾಸಿ. ಒಂದು ಜೊತೆ ಒಣ ಬಟ್ಟೆ, ಒಣ ಕಾಲುಚೀಲ ಏನೇ ಆದರೂ ಮುಟ್ಟಬಾರದು, ಅದು ರಾತ್ರಿಗೆ. ರೈನ್‌ಕೋಟ್ ಮಾತ್ರ ಎಲ್ಲಕ್ಕಿಂತ ಮೇಲೆ, ಒಂದು ನಿಮಿಷದಲ್ಲಿ ಕೈಗೆ ಸಿಗುವ ಹಾಗಿರಲಿ.

ವೈಸರ್ ಒಳಗಡೆ ಮಬ್ಬಾಗುತ್ತದೆ. ಏನು ಮಾಡಲಿ?

ನಿಮ್ಮ ಉಸಿರಿನ ತೇವ ತಣ್ಣನೆ ವೈಸರ್ ಮೇಲೆ ಕೂರುತ್ತದೆ. ವೈಸರ್ ಒಳಗೆ ಇನ್ನೊಂದು ತೆಳು ಪದರ ಕೂರಿಸುವ ಪಿನ್‌ಲಾಕ್ ಥರದ್ದು ಇದ್ದರೆ ಅದಕ್ಕಿಂತ ಒಳ್ಳೆಯ ಪರಿಹಾರ ಇಲ್ಲ. ಇಲ್ಲದಿದ್ದರೆ ಉಸಿರು ವೈಸರಿಗೆ ತಾಗದ ಹಾಗೆ ತಡೆಯುವ ಬ್ರೀತ್ ಗಾರ್ಡ್, ವೈಸರ್ ಒಂದು ಹಲ್ಲಿನಷ್ಟು ತೆರೆದಿಡುವುದು. ಪಾತ್ರೆ ಸೋಪಿನ ಒಂದು ಹನಿ ಒಳಗೆ ತೆಳುವಾಗಿ ಹಚ್ಚಿ ಒರೆಸಿದರೂ ಸ್ವಲ್ಪ ಹೊತ್ತು ನಡೆಯುತ್ತದೆ. ಕಪ್ಪು ವೈಸರ್ ಒಂದೇ ಇಟ್ಟುಕೊಂಡು ಹೊರಡಬೇಡಿ.

ಟೈರ್, ಚೈನಿನ ಬಗ್ಗೆ ಏನು ನೋಡಬೇಕು?

ಮಳೆಯಲ್ಲಿ ಟೈರಿನ ಗಾಳಿ ಇಳಿಸಿದರೆ ಹಿಡಿತ ಜಾಸ್ತಿ ಅನ್ನುವ ಮಾತು ಡಾಂಬರು ರಸ್ತೆಗೆ ಸುಳ್ಳು. ಗಾಳಿ ಕಡಿಮೆಯಾದರೆ ಟೈರಿನ ಗೀರುಗಳು ಮುಚ್ಚಿಕೊಂಡು ನೀರು ಹೊರಗೆ ಹೋಗುವುದಿಲ್ಲ. ಕಂಪನಿ ಹೇಳಿದಷ್ಟೇ ಹಾಕಿ, ಬೆಳಗ್ಗೆ ಟೈರ್ ತಣ್ಣಗಿರುವಾಗ ನೋಡಿ. ಹವೆ 5–6 ಡಿಗ್ರಿ ತಣ್ಣಗಾದರೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ (ಗಾಳಿ ಮೀಟರಿನಲ್ಲಿ ಕಾಣುವ ಒತ್ತಡದ ಅಳತೆ) ಇಳಿಯುತ್ತದೆ. ಬಿಸಿ ಬಯಲಿನಿಂದ ಬೆಟ್ಟ ಹತ್ತಿದ ಮಾರನೇ ಬೆಳಗ್ಗೆ ಗಾಳಿ ಕಡಿಮೆ ಕಾಣುವುದು ಅದಕ್ಕೇ, ಪಂಕ್ಚರ್ ಆಗಿಯೇ ಇರಬೇಕು ಅಂತಿಲ್ಲ.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 3522 ಅಂದರೆ 2022ರ 35ನೇ ವಾರ ತಯಾರಾದದ್ದು. ಗೀರು ಇನ್ನೂ ಆಳ ಇದ್ದರೂ ತುಂಬಾ ಹಳೆಯ ಟೈರ್ ಗಟ್ಟಿಯಾಗಿ ಒದ್ದೆಯಲ್ಲಿ ಜಾರುತ್ತದೆ.

ಚೈನಿಗೆ ಮಳೆ ಓಡಿಸಿದ ದಿನ ಸಂಜೆಯೇ ಲ್ಯೂಬ್ ಹಾಕಿ, ಚೈನ್ ಇನ್ನೂ ಬೆಚ್ಚಗಿರುವಾಗ. ಚಕ್ರ ಕೈಯಲ್ಲೇ ತಿರುಗಿಸಿ, ಇಂಜಿನ್ ಆಫ್ ಇರಲಿ. ಇಂಜಿನ್ ಓಡುತ್ತಿರುವಾಗ ಬಟ್ಟೆ ಹಿಡಿದು ಚೈನ್ ಒರೆಸಲು ಹೋಗಿ ಬೆರಳು ಕಳೆದುಕೊಳ್ಳುವವರು ಇದ್ದಾರೆ.

ಎತ್ತರಕ್ಕೆ ಹೋದಂತೆ ಬೈಕಿಗೆ ಶಕ್ತಿ ಇಲ್ಲ ಅನ್ನಿಸುತ್ತದೆ. ಕೆಟ್ಟಿದೆಯಾ?

ಬಹುಶಃ ಇಲ್ಲ. 3000 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು ನೂರಕ್ಕೆ 70 ಭಾಗ ಮಾತ್ರ, ಇಂಜಿನ್‌ಗೂ ಉಸಿರು ಕಡಿಮೆ. ಫ್ಯೂಯಲ್ ಇಂಜೆಕ್ಷನ್ ಇರುವ ಬೈಕು ಪೆಟ್ರೋಲನ್ನು ತಾನೇ ಸರಿಹೊಂದಿಸಿಕೊಳ್ಳುತ್ತದೆ, ಕಾರ್ಬೊರೇಟರ್ ಬೈಕು ಜಾಸ್ತಿ ಪೆಟ್ರೋಲ್ ಕುಡಿದು ಮುಕ್ಕರಿಯುತ್ತದೆ. ಕೆಳ ಗೇರಿನಲ್ಲಿ ನಿಧಾನ ಹತ್ತಿ. ಗೆಳೆಯನಿಗೆ ತಲೆನೋವು, ವಾಕರಿಕೆ ಶುರುವಾದರೆ ಮೇಲೆ ಹೋಗುವುದು ನಿಲ್ಲಿಸಿ. ಜಾಸ್ತಿಯಾದರೆ ಕೆಳಗೆ ಇಳಿಯಿರಿ.

ಹೆಲ್ಮೆಟ್ಟಿನ ಇಂಟರ್‌ಕಾಮ್ ಬೇಕೇ ಬೇಕಾ?

ಇದ್ದರೆ ಒಳ್ಳೆಯದು. ಮುಂದಿನವನು "ಜಲ್ಲಿ ಇದೆ" ಅಂದರೆ ಸಾಕು, ಹಿಂದಿನವನು ಬಚಾವ್. ಆದರೆ ದಿನವಿಡೀ ಹರಟೆ ಹೊಡೆದರೆ ಗಮನ ಹೋಗುತ್ತದೆ, ಜೋರು ಮಳೆಯಲ್ಲಿ ಬ್ಯಾಟರಿ ಮುಗಿದು ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಕೈಸನ್ನೆಗಳನ್ನು ಹೇಗೂ ಗೊತ್ತು ಮಾಡಿಕೊಳ್ಳಿ: ನಿಲ್ಲು, ಪೆಟ್ರೋಲ್ ಬೇಕು, ಅಪಾಯ. ಕೈ ಬಿಡಲಾಗದ ಜಾಗದಲ್ಲಿ ಹೆಡ್‌ಲೈಟ್ ಎರಡು ಸಲ ಮಿನುಗಿಸಿದರೆ ಮುಂದಿನವನು ನಿಲ್ಲಬೇಕು. ಕನ್ನಡಿಯಲ್ಲಿ ಆಗಾಗ ನೋಡುವುದು ಮುಂದಿನವನ ಕೆಲಸ.

ಒಂದೇ ಬೈಕಿನಲ್ಲಿ ಇಬ್ಬರೂ ಹೋದರೆ?

ಆಗುತ್ತದೆ. ಹಿಂದಿನ ಟೈರಿಗೆ ಇಬ್ಬರಿಗೆ ಹೇಳಿದಷ್ಟು ಗಾಳಿ ಹಾಕಿ, ಹಿಂದಿನ ಸಸ್ಪೆನ್ಶನ್ ಬಿಗಿ ಮಾಡಿ, ಹೆಡ್‌ಲೈಟ್ ಮೇಲಕ್ಕೆ ಎತ್ತಿಕೊಂಡಿರುತ್ತದೆ, ಅದನ್ನು ಕೆಳಗಿಳಿಸಿ. ಹಿಂದೆ ಕೂತವರಿಗೆ ಚಳಿ ಗೊತ್ತಾಗುವುದೂ ಬೇಗ, ಹೇಳುವುದು ತಡ. ಕೈಗೆ ಕೆಲಸವಿಲ್ಲದೆ ಕೂತಿರುತ್ತಾರೆ, ನಿದ್ದೆಯೂ ಬರುತ್ತದೆ. ಆಗಾಗ ಮಾತಾಡಿಸಿ. "ನಿಲ್ಲೋಣ" ಅನ್ನುವ ಹಕ್ಕು ಅವರಿಗೂ ಪೂರ್ತಿ ಇದೆ.

ಒಬ್ಬ ಬಿದ್ದರೆ ಇನ್ನೊಬ್ಬ ಮೊದಲು ಏನು ಮಾಡಬೇಕು?

ಓಡಿಹೋಗಿ ಎತ್ತಬೇಡಿ. ಮೊದಲು ನಿಮ್ಮ ಬೈಕನ್ನು ಸುರಕ್ಷಿತವಾಗಿ ನಿಲ್ಲಿಸಿ, ಹಿಂದೆ ಬರುವ ವಾಹನಗಳಿಗೆ ಸೂಚನೆ ಕೊಡಿ. ಇಲ್ಲದಿದ್ದರೆ ಇಬ್ಬರೂ ಬೀಳುತ್ತೀರಿ. ಆಮೇಲೆ ಮಾತಾಡಿಸಿ. ಕುತ್ತಿಗೆ, ಬೆನ್ನು ನೋವು ಅಂದರೆ ಅಲ್ಲಾಡಿಸಬೇಡಿ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ತೆಗೆಯಬೇಡಿ. ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಂದ ಒತ್ತಿ ಹಿಡಿಯಿರಿ. 112 ಅನೇಕ ದೇಶಗಳಲ್ಲಿ ತುರ್ತು ಕರೆಯ ನಂಬರ್.

ಇಬ್ಬರ ಫೋನಿನಲ್ಲೂ ಇನ್ನೊಬ್ಬರ ಮನೆಯವರ ನಂಬರ್, ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆ ಬರೆದಿರಲಿ. ಒಂದು ಕಾಗದದಲ್ಲೂ ಬರೆದು ಜಾಕೆಟ್ಟಿನ ಜೇಬಿಗೆ ಹಾಕಿ, ಒದ್ದೆಯಾದ ಫೋನ್ ತೆರೆಯದೆ ಇರಬಹುದು.

ದಾರಿಯಲ್ಲಿ ಜಗಳ ಆಗುತ್ತದೆ. ಸಹಜವಾ?

ಸಹಜ. ಸಾಮಾನ್ಯವಾಗಿ ಸಂಜೆ ನಾಲ್ಕರ ಹೊತ್ತಿಗೆ, ಹೊಟ್ಟೆ ಖಾಲಿ ಇದ್ದಾಗ, ಬೂಟು ಒದ್ದೆ ಇದ್ದಾಗ. ಮೊದಲು ಏನಾದರೂ ತಿನ್ನಿ, ಆಮೇಲೆ ಮಾತಾಡಿ. ಮುನಿಸಿಕೊಂಡು ಬೈಕು ಹತ್ತಬೇಡಿ. ಕೋಪದಲ್ಲಿ ಓಡಿಸುವವನು ಮುಂದಿನವನಿಗೆ ಪಾಠ ಕಲಿಸಲು ನೋಡುತ್ತಾನೆ, ಪಾಠ ಕಲಿಸುವುದು ರಸ್ತೆ. ದಿನಕ್ಕೆ ಒಂದು ಗಂಟೆ ಇಬ್ಬರೂ ಬೇರೆ ಬೇರೆ ಕೂರುವುದು, ನಡೆದಾಡುವುದು ಒಳ್ಳೆಯ ಅಭ್ಯಾಸ.

ಅರ್ಧ ದಾರಿಯಲ್ಲಿ ಗೆಳೆಯ "ಸಾಕು, ವಾಪಸ್ ಹೋಗ್ತೀನಿ" ಅಂದರೆ? ನಾನೊಬ್ಬನೇ ಮುಂದೆ ಹೋಗಬಹುದಾ?

ಹವೆ ಚೆನ್ನಾಗಿದ್ದು, ಅವನು ಆರೋಗ್ಯವಾಗಿದ್ದು, ನಿಮಗೆ ಒಂಟಿಯಾಗಿ ಓಡಿಸುವ ರೂಢಿ ಇದ್ದರೆ ಹೋಗಿ, ತಪ್ಪೇನಿಲ್ಲ. ಟೂಲ್ಸ್, ಪಂಕ್ಚರ್ ಕಿಟ್, ಗಾಳಿ ಪಂಪು ಯಾರ ಬ್ಯಾಗಿನಲ್ಲಿದೆ ಅಂತ ಮೊದಲು ನೋಡಿಕೊಳ್ಳಿ. ಭಾರ ಹಂಚಿಕೊಳ್ಳಲು ಒಂದೇ ಸೆಟ್ ತಂದಿದ್ದರೆ ಇಬ್ಬರಲ್ಲಿ ಒಬ್ಬರ ಕೈ ಖಾಲಿ. ಹವೆ ಕೆಟ್ಟಿದ್ದರೆ, ಅಥವಾ ಅವನು ಸೋತುಹೋಗಿ ಆ ಮಾತು ಹೇಳುತ್ತಿದ್ದರೆ, ಜೊತೆಯಲ್ಲೇ ವಾಪಸ್ ಬನ್ನಿ. ಅದಕ್ಕೂ ಮುಂಚೆ ಒಂದು ರಾತ್ರಿ ಅಲ್ಲೇ ತಂಗಿ ಮಲಗಿ ಏಳಿ. ಒಣ ಕಾಲುಚೀಲ ಹಾಕಿಕೊಂಡ ಮೇಲೆ ಎಷ್ಟೋ ಜನ ಮನಸ್ಸು ಬದಲಾಯಿಸುತ್ತಾರೆ.

ರಾತ್ರಿ ಒದ್ದೆ ಬೂಟು, ಗ್ಲೌಸು ಒಣಗಿಸುವುದು ಹೇಗೆ?

ಬೂಟಿನ ಒಳಗಿನ ಅಟ್ಟೆ ತೆಗೆದು, ಪೇಪರ್ ಉಂಡೆ ಮಾಡಿ ತುರುಕಿ, ಒಂದು ಗಂಟೆ ಬಿಟ್ಟು ಪೇಪರ್ ಬದಲಾಯಿಸಿ. ಮಲಗುವ ಮುಂಚೆ ಇನ್ನೊಮ್ಮೆ. ಗ್ಲೌಸನ್ನು ಫ್ಯಾನಿನ ಕೆಳಗೆ ಬೆರಳು ಮೇಲೆ ಮಾಡಿ ನಿಲ್ಲಿಸಿ. ಚರ್ಮದ್ದಾದರೆ ಹೀಟರ್, ಬೆಂಕಿಯ ಹತ್ತಿರ ಇಡಬೇಡಿ, ಒಣಗಿ ಸೆಟೆದು ಬಿರುಕು ಬಿಡುತ್ತದೆ. ಬೆಳಗ್ಗೆಯೂ ಬೂಟು ಒದ್ದೆಯೇ ಇದ್ದರೆ ಒಣ ಕಾಲುಚೀಲದ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಸುತ್ತಿ ಬೂಟು ಹಾಕಿಕೊಳ್ಳಿ. ನೋಡಲು ಚೆನ್ನಾಗಿರುವುದಿಲ್ಲ, ಕಾಲು ಮಾತ್ರ ಬೆಚ್ಚಗಿರುತ್ತದೆ.